ಹತ್ತು ಸಾವಿರದಾಗ ಐದಾರು ಮಂದಿ

ಬೆಳೆಗೆ ಹೊಡೆಯುವ ಔಷಧದ ಡಬ್ಬಿ ಮೇಲೆ ಬಣ್ಣದ ತ್ರಿಕೋನ ಇರುವುದು ರೈತರಿಗೆಲ್ಲ ಗೊತ್ತು. ಕೆಂಪಿದ್ದರೆ ಭಾಳ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕಡೆಗೆ ಹಸಿರು. ಅಕ್ಷರ ಬಾರದವನಿಗೂ ತಿಳಿಯಲಿ ಅಂತ ಕಾಯ್ದೆ ಮಾಡಿ ಹಾಕಿಸಿದ ಗುರುತು ಅದು. ತೊಗರಿ ಹುಳದ ಔಷಧಕ್ಕೆ ಇಷ್ಟು ಕಾಳಜಿ. ಹೆಣ್ಣುಮಕ್ಕಳು ನುಂಗುವ ಗುಳಿಗಿಗೆ ಇಂಥ ಗುರುತಿಲ್ಲ. ಒಳಗಿನ ಕಾಗದ ಬಿಚ್ಚಿದರೆ ಇರುವೆ ಸಾಲಿನಂಥ ಇಂಗ್ಲಿಷು, ಇಲ್ಲವೆ ಹಿಂದಿ. ನಮ್ಮ ಅಕ್ಕಲಕೋಟ ತಾಲೂಕಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಕಚೇರಿ ಮಾತು ಮರಾಠಿ. ಆಕೆ ಓದುವುದಾದರೂ ಏನನ್ನು?

ಮೊದಲೇ ಹೇಳಿಬಿಡುತ್ತೇನೆ, ನಾನು ಗುಳಿಗಿಯ ವೈರಿ ಅಲ್ಲ. ಹೆರುವುದು ಸಾಕು ಅನ್ನುವ ಅಧಿಕಾರ ಹೆಣ್ಣಿಗೆ ಬೇಕೇ ಬೇಕು. ಮುಂಬಯಿಯಲ್ಲಿ ರ. ಧೋ. ಕರ್ವೆಯವರು 1921ರಲ್ಲೇ ಅದಕ್ಕೊಂದು ದವಾಖಾನೆ ತೆರೆದರು. ಮೈಸೂರು ಸಂಸ್ಥಾನ 1930ರಲ್ಲಿ ಸರಕಾರದಿಂದಲೇ ತೆರೆಸಿತು. ನನ್ನ ಪ್ರಶ್ನೆ ಬೇರೆ. ಅಪಾಯ ಸಣ್ಣದು ಅಂತ ತೂಗಿ ಹೇಳಬೇಕಾದವರು ಯಾರು?

ಮಾಲಾ-ಡಿ ಪಾಕೀಟಿನಲ್ಲಿ 28 ಗುಳಿಗಿ. 21ರಲ್ಲಿ ಹಾರ್ಮೋನು, ಉಳಿದ 7 ಬರೀ ಕಬ್ಬಿಣದ ಸತ್ವ. ಆ ಹಾರ್ಮೋನಿನೊಳಗಿನ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿಸುತ್ತದೆ. ಕಾಲಿನ ನರದಾಗ ಗಡ್ಡೆಯಾಗಿ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಕುತ್ತು. ಯುರೋಪಿನ ಔಷಧ ಸಂಸ್ಥೆಯ ಲೆಕ್ಕದಲ್ಲಿ, ಗುಳಿಗಿ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾದರೆ, ಈ ಜಾತಿಯ ಗುಳಿಗಿ ತಗೊಂಡವರಲ್ಲಿ 5ರಿಂದ 7 ಮಂದಿಗೆ. ಬಸುರಿ ಬಾಣಂತಿಯರಲ್ಲಿ ಅದಕ್ಕಿಂತ ಹೆಚ್ಚು. ಇದನ್ನು ಮರೆಸಿ ಬರೀ ಗುಳಿಗಿಯ ಹೆದರಿಕೆ ಹುಟ್ಟಿಸುವವರೂ ಸುಳ್ಳು ಹೇಳಿದಂತೆಯೇ.

ಆದರೆ ಹತ್ತು ಸಾವಿರ ಮಂದಿ ಒಂದೇ ತರದವರಲ್ಲ. 35 ದಾಟಿ ಬೀಡಿ ಸಿಗರೇಟು ಸೇದುವವರು, ಬಿ.ಪಿ. ಇದ್ದವರು, ಕಣ್ಣಮುಂದೆ ಮಿಂಚು ಹೊಡೆದು ಅರೆತಲೆನೋವು ಬರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಇಂಥವರಿಗೆ ಹೃದಯಾಘಾತ, ಲಕ್ವಾ ಇಲ್ಲವೆ ಆ ಗಡ್ಡೆಯ ಭಯ ಉಳಿದವರಿಗಿಂತ ಹೆಚ್ಚು. ನಮ್ಮ ಸೊಲ್ಲಾಪುರದ ಹೆಂಗಸರು ಬೀಡಿ ಕಟ್ಟುವವರು, ಸೇದುವವರಲ್ಲ ಅಂತ ನಗಬೇಡಿ. ಬಿ.ಪಿ. ಏನು ಬೀಡಿ ಕೇಳಿ ಬರ್ತದೇನು?

ಇನ್ನೊಂದು ಗುಳಿಗಿ ಉಂಟು, ಮುಟ್ಟು ಮುಂದೂಡುವುದು. ನೊರೆಥಿಸ್ಟೆರಾನ್ ಅಂತ ಅದರ ಹೆಸರು. ದಿನಕ್ಕೆ ಮೂರು ನುಂಗಿಸುತ್ತಾರೆ. ಅದರೊಳಗಿನ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ನೇ ಆಗುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು. ಆದರೆ ಲಗ್ನ, ಪಂಢರಪುರದ ವಾರಿ, ಸಂಕ್ರಾಂತಿಯ ಗಡ್ಡಾ ಜಾತ್ರೆ ಬಂತಂದರೆ ಮನೆಯ ಗಂಡಸು ಮೆಡಿಕಲ್ ಅಂಗಡಿಗೆ ಹೋಗಿ, ದನಿ ಸಣ್ಣದು ಮಾಡಿ, “ಮನ್ಯಾಗ ಪೂಜಿ ಐತ್ರಿ” ಅಂದರೆ ಸಾಕು, ಕಾಗದದಾಗ ಸುತ್ತಿ ಕೊಡುತ್ತಾರೆ. ನುಂಗುವಾಕೆ ಮನೆಯಲ್ಲಿ, ಕೇಳಬೇಕಾದವನು ಅಂಗಡಿಯಲ್ಲಿ. ಬಿ.ಪಿ. ಐತೇನವ್ವಾ ಅಂತ ಯಾರು ಯಾರನ್ನ ಕೇಳಬೇಕು? ಶರಣರು ರಜಸೂತಕವನ್ನು ತಳ್ಳಿಹಾಕಿ ಎಂಟುನೂರು ವರ್ಷ ಮೀರಿತು. ಅವರಲ್ಲೊಬ್ಬನಾದ ಸಿದ್ಧರಾಮನ ಜಾತ್ರೆಗೇ ನಾವು ಸೊಸೆಯಂದಿರಿಗೆ ಈ ಗುಳಿಗಿ ನುಂಗಿಸುತ್ತೇವೆ. ಇದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಾನು ಹಂತಿ ಪದ ಹಾಡುವವನು. ಅದು ಕಣದಾಗ ಗಂಡಸರು ಹಾಡುವುದು. ಹೆಂಗಸರದು ಬೀಸುವ ಪದ. ಮನೆಯವರಿಗೆ ಹೇಳಲಾಗದ್ದನ್ನು ಆಕೆ ಬೀಸುಕಲ್ಲಿಗೆ ಹೇಳುತ್ತಿದ್ದಳು. ಈಗ ಗಿರಣಿ ಬಂತು, ಆ ಕಲ್ಲೂ ಹೋಯಿತು. ಕಾಲು ಬಾತದ, ಎದಿ ಹಿಡದದ ಅಂದರೂ ಯಾವ ಗುಳಿಗಿ ನುಂಗಿದೆ ಅಂತ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ, ಅತ್ತಿ ಪಕ್ಕದಾಗ ಕುಂತಿರತಾಳ.

ಹೆಚ್ಚು ಹೇಳಿದರೆ ಹೆದರಿ ಬಿಟ್ಟುಬಿಡುತ್ತಾರೆ ಅನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಚಿಕಿತ್ಸೆ ಏನು, ಬೇರೆ ದಾರಿ ಯಾವುದು, ದೊಡ್ಡ ಅಪಾಯ ಯಾವುದು ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂದಿತು. ತೀರ ದೂರದ ಅಪಾಯ ಹೇಳಿ ಗಾಬರಿ ಮಾಡಬೇಕಿಲ್ಲ ಅಂತಲೂ ಅಂದಿತು. ನನ್ನ ತಕರಾರು ಇಷ್ಟೇ: ಹತ್ತು ಸಾವಿರ ಮಂದಿಗೆ ದೂರದ್ದು, ಬಿ.ಪಿ. ಇದ್ದ ಒಬ್ಬಾಕೆಗೆ ಮನೆ ಬಾಗಿಲಲ್ಲೇ ಇರಬಹುದು. ಆಕೆಯನ್ನು ಕೇಳದೆ ದೂರ ಹತ್ತಿರ ಗೊತ್ತಾಗುವುದು ಹೆಂಗ? ಬೇರೆ ದಾರಿಯೂ ಉಂಟು. ಲಖನೌದ ಸರಕಾರಿ ಪ್ರಯೋಗಶಾಲೆಯಲ್ಲಿ ಹುಟ್ಟಿದ ‘ಛಾಯಾ’ ಗುಳಿಗಿಯಲ್ಲಿ ಈಸ್ಟ್ರೋಜನ್ ಇಲ್ಲ. ತಾಂಬಿ ಉಂಟು. ಗಂಡಸರ ಆಪರೇಷನ್ನೂ ಉಂಟು, ಹೆಂಗಸರದಕ್ಕಿಂತ ಸಣ್ಣದು. ಆ ಮಾತು ಕಟ್ಟಿ ಮ್ಯಾಲೆ ತೆಗೆದರ ಎಲ್ಲರಿಗೂ ಹೊಲದ ಕೆಲಸ ನೆನಪಾಗ್ತದ.

ಕೆಟ್ಟದ್ದಾದ ಮೇಲೆ ಕಾಯ್ದೆ ಏನು ಕೊಡುತ್ತದೆ? ಅಮೆರಿಕೆಯಲ್ಲಿ 1970ರಲ್ಲಿ ಸಂಸತ್ತಿನ ವಿಚಾರಣೆಗೆ ಹೆಂಗಸರು ನುಗ್ಗಿ ಗದ್ದಲ ಮಾಡಿದ ಮೇಲೆ ಪಾಕೀಟಿನೊಳಗೆ ಎಚ್ಚರಿಕೆಯ ಕಾಗದ ಬಂತು. ಮುಂದೆ ಬೇಯರ್ ಕಂಪನಿಯ ಒಂದು ಬಗೆಯ ಗುಳಿಗಿಗಳ ಮೇಲೆ ಅಲ್ಲಿ ಸಾವಿರಾರು ದಾವೆ ಬಿದ್ದು, ಕಂಪನಿ ತಪ್ಪು ಒಪ್ಪದೆಯೇ ನೂರು ಕೋಟಿ ಡಾಲರಿಗೂ ಮೀರಿ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿ 2019ರ ಗ್ರಾಹಕ ಕಾಯ್ದೆಯಲ್ಲಿ, ಸರಿಯಾದ ಎಚ್ಚರಿಕೆ ಕೊಡದೆ ಸರಕು ಮಾರಿದವರನ್ನೂ ಹೊಣೆ ಮಾಡಬಹುದು. ಸೊಲ್ಲಾಪುರದ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಎಲ್ಲರಿಗೂ ಪೂರ್ತಿ ಪುಕ್ಕಟೆ ಕೊಡುವ ಸರಕಾರಿ ದವಾಖಾನೆಯ ಸೇವೆ ಈ ಕಾಯ್ದೆಯೊಳಗೆ ಬರುವುದಿಲ್ಲ ಅಂತ 1995ರ ತೀರ್ಪು ಹೇಳುತ್ತದೆ. ಅಂದರೆ ರೊಕ್ಕ ಕೊಟ್ಟು ಕೊಂಡಾಕೆ ಗ್ರಾಹಕಿ, ಪುಕ್ಕಟೆ ಪಡೆದ ಬಡವಿ ಗ್ರಾಹಕಿ ಅಲ್ಲ. ಸಂತಾನಹರಣ ಆಪರೇಷನ್ ಕೆಟ್ಟರೆ ಸರಕಾರದ ಪರಿಹಾರ ಯೋಜನೆ ಇದೆ, ಗುಳಿಗಿಗೆ ಅದೂ ಇಲ್ಲ. ಇದನ್ನು ನ್ಯಾಯ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಇದ್ದ ದಾರಿಯನ್ನಾದರೂ ಹಿಡಿಯಬೇಕು. ಗುಳಿಗಿ ಕೊಂಡ ರಸೀದಿ, ಖಾಲಿ ಪಾಕೀಟು, ಡಾಕ್ಟರ್ ಚೀಟಿ ಇಟ್ಟುಕೊಳ್ಳಬೇಕು. ನಾಚಿಕೆಗೆ ರಸೀದಿ ಬಿಟ್ಟು ಬಂದವನ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ. ಔಷಧದಿಂದ ತೊಂದರೆಯಾದರೆ ತಿಳಿಸಲು 1800-180-3024 ಅಂತ ಸರಕಾರದ ಪುಕ್ಕಟೆ ಫೋನು ಇದೆ. 1987ರ ಕಾಯ್ದೆಯ ಪ್ರಕಾರ ಯಾವ ಹೆಂಗಸಿಗೂ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕು. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿದರೆ ಸಾಕು. ಅರ್ಜಿ ಮರಾಠಿಯಲ್ಲಿ ಬರೆಯಬಹುದು. ನಮ್ಮ ಕನ್ನಡ ಶಾಲೆಯ ಮಾಸ್ತರರಿಗೂ ಬಾಯಿಯವರಿಗೂ ಎರಡೂ ಭಾಷೆ ಬರುತ್ತದೆ.