ನೋವನ್ನ ಯಾರ ಮುಂದೆ ಬಿಚ್ಚಬೇಕು?

ನಮ್ಮ ಕೇರಿಯ ಹುಡುಗನೊಬ್ಬ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಅವರವ್ವ ತಾಯತ ಕಟ್ಟಿಸಿದಳು. ‘ಗಾಳಿ ಸೋಕ್ಯಾದ’ ಅಂದರು ಓಣಿಯವರು. ‘ಓದಿದ್ದು ಹೆಚ್ಚಾಗ್ಯಾದ’ ಅಂದರು ಕಟ್ಟೆಯ ಮೇಲೆ ಕೂತವರು. ಓದಲಿಕ್ಕೆ ಹೋದ ಊರಿನಲ್ಲಿ ರೂಮಿನ ಗೆಳೆಯರು ಅವನ ತಾಟು ಬೇರೆ ಇಟ್ಟದ್ದನ್ನ ಮಾತ್ರ ಯಾರೂ ಕೇಳಲಿಲ್ಲ. ಕಡೆಗೆ ಒಬ್ಬರು ‘ಕಲಬುರಗ್ಯಾಗ ಪ್ರೈವೇಟ್ ಥೆರಪಿಸ್ಟ್ ಅದಾರ, ಹೋಗು’ ಅಂದರು. ಅವನು ನಮ್ಮನ್ನ ಕೇಳಿದ: ‘ಅಣ್ಣಾ, ನಾ ಹುಚ್ಚೇನು? ನಮ್ಮ ಸಿಟ್ಟನ್ನ ಗುಳಿಗಿ ಕೊಟ್ಟು ಮಲಗಸ್ತಾರೇನು?’

ಇದು ಅವನೊಬ್ಬನ ಪ್ರಶ್ನೆಯಲ್ಲ. ಶಹಾಬಾದಿನ ಫರ್ಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನ ಪ್ರಶ್ನೆ. ವಾಡಿ, ಸೇಡಂನ ಸಿಮೆಂಟ್ ಧೂಳು ಕುಡಿದವನ ಪ್ರಶ್ನೆ. ಚಿತ್ತಾಪುರದ ತೊಗರಿ ಹೊಲದಲ್ಲಿ ಸಾಲ ಬಿತ್ತಿದವಳ ಪ್ರಶ್ನೆ. ನಮ್ಮ ನೋವು ರೋಗವೋ, ಅನ್ಯಾಯವೋ?

2016ರಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನ, 2019ರಲ್ಲಿ ಮುಂಬಯಿಯಲ್ಲಿ ಡಾ. ಪಾಯಲ್ ತಡ್ವಿಯನ್ನ ಕಳಕೊಂಡೆವು. ಅವರಿಗೆ ಆಪ್ತಸಲಹೆ ಕೊಡಿಸಿದ್ದರೆ ಸಾಕಿತ್ತು ಅನ್ನುವುದು ಅನ್ಯಾಯವನ್ನ ಮುಚ್ಚಿಡುವ ಮಾತು. ಹಾಗಂತ ಬದುಕಿರುವವನಿಗೆ ‘ಹೋರಾಟ ಮಾಡು, ಎಲ್ಲಾ ಸರಿಹೋಗ್ತದ’ ಅನ್ನುವುದೂ ಕಲ್ಲೆದೆಯ ಮಾತೇ. ದಾರಿಗೆ ಮುಳ್ಳು ಹಾಕಿದವನನ್ನ ಕೇಳಲೇಬೇಕು. ಕಾಲೊಳಗಿನ ಮುಳ್ಳನ್ನೂ ತೆಗೆಯಬೇಕು. ಮುಳ್ಳು ಇಟ್ಟುಕೊಂಡೇ ಮೆರವಣಿಗೆಗೆ ಬಾ ಅನ್ನುವುದು ಕ್ರಾಂತಿಯಲ್ಲ.

ಆದ್ದರಿಂದ ಹೋಗಲಿ. ಆದರೆ ಕೈಕಟ್ಟಿಕೊಂಡು ಹೋಗಬಾರದು. ಕೇಳುತ್ತಾ ಹೋಗಬೇಕು.

ಮೊದಲು, ನೀವು ಯಾರು ಅಂತ ಕೇಳಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮೇಲೆ ಓದಿದವರು, ಗುಳಿಗೆ ಬರೆಯುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನಿಂದ ಚಿಕಿತ್ಸೆ ಮಾಡುವವರು. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ಹೆಸರು ನೋಂದಣಿ ಆಗಿರಬೇಕು. ‘ಕೌನ್ಸೆಲರ್’ ಅಂತ ಬೋರ್ಡು ಹಾಕಿದವರೆಲ್ಲ ಓದಿದವರಲ್ಲ. ನೋಂದಣಿ ಸಂಖ್ಯೆ ಕೇಳಿದರೆ ಸಿಟ್ಟಾಗುವವರ ಮುಂದೆ ಮನಸ್ಸು ಬಿಚ್ಚಬೇಡಿ.

ಎರಡನೆಯದು ರೊಕ್ಕ. ಒಂದು ಕೂಡುಗೆ ಸುಮಾರು ಮುಕ್ಕಾಲು ತಾಸು. 2024-25ರಲ್ಲಿ ಕರ್ನಾಟಕದ ಉದ್ಯೋಗಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅವರು ಸಾವಿರ ಕೇಳಿದರೆ ಹತ್ತಿರ ಹತ್ತಿರ ಮೂರು ದಿನದ ಬೆವರು. ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ. ಎಷ್ಟು ಸಲ ಬರಬೇಕಾಗಬಹುದು, ಬರದಿದ್ದರೆ ಫೀ ಕೊಡಬೇಕೇ, ಕಡಿಮೆ ಮಾಡುವಿರಾ ಅಂತ ಮೊದಲೇ ಕೇಳುವುದು ನಾಚಿಕೆಯಲ್ಲ. ಸೇಡಂ, ಚಿತ್ತಾಪುರದವರಿಗೆ ವಾಡಿ, ಶಹಾಬಾದಿನ ಮೇಲೆ ಹೋಗುವ ರೈಲಾದರೂ ಉಂಟು. ಚಿಂಚೋಳಿಗೆ ಅದೂ ಇಲ್ಲ. ಬಸ್ಸಿನ ಚಾರ್ಜು, ಹೋದ ದಿನದ ಕೂಲಿ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಗುಟ್ಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮ ಮಾತನ್ನ ಗುಟ್ಟಾಗಿಡುವ ಹಕ್ಕು ಕೊಟ್ಟದೆ. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸಬೇಕಾದೀತು. ಎಲ್ಲಿಯವರೆಗೆ ಗುಟ್ಟು ಅಂತ ಮೊದಲ ದಿನವೇ ಕೇಳಿ ತಿಳಕೊಳ್ಳಬೇಕು.

ನಾಲ್ಕನೆಯದೇ ನಮಗೆ ದೊಡ್ಡದು. ಅವರಿಗೆ ನಮ್ಮ ಮಾತು ತಿಳಿಯುತ್ತದೆಯೇ? ‘ಎದಿ ಉರೀತದ’ ಅಂದರೆ ಹೊಟ್ಟೆಯ ರೋಗ ಅಂದುಕೊಳ್ಳದವರೇ? ತಾಟು ಬೇರೆ ಇಟ್ಟರು ಅಂದಾಗ ‘ಈಗೆಲ್ಲಿದೆ ಜಾತಿ, ಮರೆತುಬಿಡಿ’ ಅನ್ನುವವರಾದರೆ ಎದ್ದು ಬರಬಹುದು. ಎರಡು ಮೂರು ಸಲ ಹೋಗಿ ಸರಿಬರದಿದ್ದರೆ ಬೇರೆಯವರನ್ನ ಹುಡುಕಬಹುದು. ಅದು ಸೋಲಲ್ಲ. ಆದರೆ ಗುಳಿಗೆ ನುಂಗುತ್ತಿದ್ದರೆ ಡಾಕ್ಟರನ್ನ ಕೇಳದೆ ಬಿಡಬಾರದು.

ರೊಕ್ಕ ಇಲ್ಲದವರಿಗೆ ಬಾಗಿಲೇ ಇಲ್ಲವೇ? ಅದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಸೀಮೆಯ ಬಳ್ಳಾರಿಯೇ, 1980ರ ದಶಕದಲ್ಲಿ. ಸರ್ಕಾರಿ ಚಿಕಿತ್ಸೆ ಭಿಕ್ಷೆಯಲ್ಲ, 2017ರ ಕಾಯ್ದೆ ಕೊಟ್ಟ ಹಕ್ಕು. 2022ರಿಂದ ಟೆಲಿ ಮಾನಸ್ ಅದೆ; 14416ಕ್ಕೆ ಹಗಲು ರಾತ್ರಿ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದ ರಾತ್ರಿ ಥೆರಪಿಸ್ಟರ ತಾರೀಖಿಗೆ ಕಾಯಬೇಡಿ. ಆ ನಂಬರಿಗೆ ಫೋನ್ ಮಾಡಿ, ಪಕ್ಕದವರನ್ನ ಎಬ್ಬಿಸಿ.

ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: ‘ನೀ ಹುಚ್ಚಲ್ಲ ತಮ್ಮಾ. ನಿನಗ ನೋವಾಗ್ಯಾದ. ನಿದ್ದೆಗೆ ಅವರ ಹತ್ರ ಹೋಗು, ತಾಟಿನ ಲೆಕ್ಕ ನಾವೆಲ್ಲಾ ಕೂಡಿ ಕೇಳೋಣ.’

ಸಿಟ್ಟು ಮಲಗಬಾರದು. ಆದರೆ ಸಿಟ್ಟು ಹೊತ್ತ ಮನುಷ್ಯ ರಾತ್ರಿ ಮಲಗಬೇಕು.