ಇಂದಿನ ಧಮ್ಮ ಚಿಂತನೆ: ಒಳಗೆ ಉಳಿದ ಗಾಳಿ



ನಿಪ್ಪಾಣಿಯ ತವಂದಿ ಘಾಟ್ ಏರುವಾಗ ಕೆಲವು ಗಾಡಿ ಬಿಸಿಯಾಗಿ ನಿಲ್ಲುತ್ತವೆ. ರೇಡಿಯೇಟರ್ ತುಂಬಿದಂತೆಯೇ ಕಾಣುತ್ತದೆ; ಆದರೆ ಒಳಗೆ ಗಾಳಿ ಸಿಕ್ಕಿಕೊಂಡರೆ ನೀರು ಸರಿಯಾಗಿ ಹರಿಯುವುದಿಲ್ಲ. ಬಲ್ಲ ಮೆಕ್ಯಾನಿಕ್ ಇಂಜಿನ್ ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆದು, ಗಾಡಿಯ ಮೂತಿ ಎತ್ತರಕ್ಕಿಟ್ಟು ಚಾಲೂ ಮಾಡುತ್ತಾನೆ. ಗುಳ್ಳೆ ಹೊರಬಂದಂತೆ ನೀರು ಇಳಿಯುತ್ತದೆ, ಮತ್ತೆ ತುಂಬುತ್ತಾನೆ.

1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳು ನಮಗೆ ಬಾಯಿಪಾಠ. ಆದರೂ ಮಗಳಿಗೆ ಸಂಬಂಧ ಬಂದಾಗ ಒಳಜಾತಿ ಕೇಳುತ್ತೇವೆ. ಅದೇ ಆ ಗಾಳಿ. ಮೇಲಿಂದ ಎಷ್ಟು ವಂದನೆ ಹೇಳಿದರೂ ಹೋಗದು. ಮನಸ್ಸು ಆರಿಸಿ ಕೂತು, ಆ ಪ್ರಶ್ನೆ ಯಾಕೆ ಬಂತೆಂದು ನೋಡಬೇಕು. ಆಗ ನಾವಿನ್ನೂ ತುಂಬಿಲ್ಲವೆಂದು ತಿಳಿಯುತ್ತದೆ. ತಿಳಿದ ಜಾಗವನ್ನು ಮೈತ್ರಿಯಿಂದ ತುಂಬೋಣ.

ಭವತು ಸಬ್ಬ ಮಂಗಲಂ.