ಸಾರಥಿ ಇಳಿದ ಮೇಲೆ

ಶರೀರವೇ ರಥ, ಆತ್ಮನೇ ರಥಿಕ, ಬುದ್ಧಿಯೇ ಸಾರಥಿ, ಮನಸ್ಸೇ ಕಡಿವಾಣ, ಇಂದ್ರಿಯಗಳೇ ಕುದುರೆಗಳು ಎಂಬ ಕಠೋಪನಿಷತ್ತಿನ ರೂಪಕವನ್ನು, ಆ ಉಪನಿಷತ್ತಿನ ಹೆಸರನ್ನು ಅರಿಯದವರೂ ನಮ್ಮ ಕರಾವಳಿಯಲ್ಲಿ ತಾಳಮದ್ದಲೆಯ ಅರ್ಥಧಾರಿಗಳ ಬಾಯಿಂದ ಕೇಳಿಯೇ ಇರುತ್ತಾರೆ. ಆ ರೂಪಕದಲ್ಲಿ ರಥವು ಸದಾ ಚಲಿಸುತ್ತಿರುವಂಥದು. ಸಾರಥಿಯು ಜಾಗೃತನಾಗಿಯೋ ಪ್ರಮತ್ತನಾಗಿಯೋ ಸದಾ ತನ್ನ ಪೀಠದಲ್ಲಿಯೇ ಕುಳಿತಿರುವಂಥವನು. ಸಾರಥಿಯು ಇಳಿದು ದೂರ ಹೋದ ಮೇಲೆ, ಇಳಿಜಾರಿನಲ್ಲಿ ನಿಂತ ರಥವನ್ನು ಹಿಡಿದಿಡುವ ಹೊಣೆ ಯಾರದೆಂಬ ಪ್ರಶ್ನೆಯನ್ನು ಋಷಿಯು ಎತ್ತಲಿಲ್ಲ. ಕುದುರೆಯ ರಥಕ್ಕೆ ಅದರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ಯಂತ್ರರಥದ ಈ ಕಾಲದಲ್ಲಿಯಾದರೋ, ದೈವ ಪುರುಷಕಾರಗಳ ಪುರಾತನ ವಿವಾದವು ನಮ್ಮ ಕಣ್ಣೆದುರು ಬಂದು ನಿಲ್ಲುವುದು ಆ ಪ್ರಶ್ನೆಯ ರೂಪದಲ್ಲಿಯೇ ಎಂದು ನಾನು ತಿಳಿದಿದ್ದೇನೆ.

ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನವನ್ನು ಮುಗಿಸಿದ ಯಾತ್ರಿಕರನೇಕರು ಜೀಪುಗಳಲ್ಲಿ ಕುಳಿತು, ಘಾಟಿಯನ್ನೇರಿ, ನಾಗೋಡಿ ಕಟ್ಟಿನಹೊಳೆಗಳ ಮಾರ್ಗವಾಗಿ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗುತ್ತಾರೆ. ಆ ಮಾರ್ಗದ ಕೊನೆಯ ಭಾಗವು ಮಳೆನೀರು ಕೊರೆದ ಮಣ್ಣಿನ ದಾರಿ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಒದಗುವ ವಾಹನವಲ್ಲದೆ ಬೇರೊಂದು ಅಲ್ಲಿ ಏರುವುದು ಕಷ್ಟ. ಮೇಲೆ ಜೀಪು ನಿಲ್ಲುತ್ತದೆ. ಯಾತ್ರಿಕರು ಶಂಕರಾಚಾರ್ಯರ ಹೆಸರಿನೊಡನೆ ಹೊಂದಿಕೊಂಡ ಸರ್ವಜ್ಞಪೀಠದ ಕಡೆಗೆ ನಡೆಯುತ್ತಾರೆ. ಚಾಲಕನೂ ಹ್ಯಾಂಡ್ ಬ್ರೇಕ್ ಎಳೆದು ಇಳಿಯುತ್ತಾನೆ. ಆ ಕ್ಷಣದಿಂದ ಅವನ ಕೈಕಾಲುಗಳ ಚಾತುರ್ಯವಾಗಲಿ, ವರ್ಷಗಳ ಅನುಭವವಾಗಲಿ ಆ ವಾಹನಕ್ಕೆ ಒದಗದು. ಅವನು ಮೊದಲೇ ಮಾಡಿಟ್ಟದ್ದು ಮಾತ್ರ ಅಲ್ಲಿ ಉಳಿದಿರುತ್ತದೆ: ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿದಿರುವ ಅರ್ಧಚಂದ್ರಾಕಾರದ ಒಂದೆರಡು ಜೋಡಿ ಬ್ರೇಕ್ ಶೂಗಳು.

ಇನ್ನು ದೈವದ ವಿಚಾರ. ನಮ್ಮ ಸೀಮೆಯಲ್ಲಿ ಹೊಸ ವಾಹನವನ್ನು ಕೊಂಡವನು ಅದನ್ನು ಕುಂಭಾಶಿಯ ಆನೆಗುಡ್ಡೆ ವಿನಾಯಕನ ಸನ್ನಿಧಿಗೆ ಒಯ್ಯುತ್ತಾನೆ. ಬ್ರಹ್ಮಾವರದ ಕಡೆಯವನಾದರೆ ಮಂದಾರ್ತಿಯ ದುರ್ಗಾಪರಮೇಶ್ವರಿಯನ್ನು ನೆನೆಯುತ್ತಾನೆ. ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನೇರುವ ಚಾಲಕರು ಹುಲಿಕಲ್ಲಿನ ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದು ಮುಂದುವರಿಯುತ್ತಾರೆ. ಮಹಾನವಮಿಯ ಆಯುಧಪೂಜೆಯಂದು ಬಾನೆಟ್ಟಿಗೆ ಹೂಮಾಲೆ, ಚಕ್ರದಡಿಗೆ ನಿಂಬೆಹಣ್ಣು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಪಕ್ಷ ನನ್ನದಲ್ಲ. ತನ್ನ ಅನ್ನಕ್ಕೆ ಆಧಾರವಾದ ಯಂತ್ರವನ್ನು ಪೂಜ್ಯಭಾವದಿಂದ ಕಾಣುವವನ ಅಂತಃಕರಣದಲ್ಲಿ ಒಂದು ಸತ್ಯವಿದೆ. ಆದರೆ ಇಳಿಜಾರಿನಲ್ಲಿ ಜೀಪನ್ನು ಹಿಡಿದು ನಿಲ್ಲಿಸಿದ್ದು ದೇವಿಯೋ, ಬ್ರೇಕ್ ಶೂವೋ ಎಂದು ಯಾವನಾದರೂ ಕೇಳಿದರೆ, ಆ ಪ್ರಶ್ನೆಗೆ ಶಾಸ್ತ್ರದಲ್ಲಿಯೇ ಉತ್ತರವುಂಟು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಸಕಲ ಕರ್ಮಗಳಿಗೂ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ನಾನಾವಿಧವಾದ ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ದೈವವನ್ನು ಗೀತೆ ಅಲ್ಲಗಳೆಯಲಿಲ್ಲ. ಎಲ್ಲವನ್ನೂ ಅದಕ್ಕೇ ಒಪ್ಪಿಸಿಬಿಡಲೂ ಇಲ್ಲ. ನಿಂತ ನೆಲ, ನಿಲ್ಲಿಸಿದ ಮನುಷ್ಯ, ಬ್ರೇಕಿನ ಅಂಗಾಂಗಗಳು, ಅವುಗಳಿಗೆ ಸಲ್ಲಬೇಕಾದ ದುಡಿಮೆ, ಇವು ನಾಲ್ಕೂ ಸರಿಯಾಗಿರತಕ್ಕದ್ದು. ಆ ಬಳಿಕ ಐದನೆಯದರ ಮಾತು.

ಆ ಮೂರನೆಯ ಕಾರಣವಾದ ಕರಣವನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಬ್ರೇಕ್ ಶೂವಿನ ಮೇಲಿನ ಲೈನರ್ ಸವೆದಂತೆಲ್ಲ ಅದಕ್ಕೂ ಡ್ರಮ್ಮಿಗೂ ನಡುವಿನ ಅಂತರ ಹಿಗ್ಗುತ್ತದೆ. ಹ್ಯಾಂಡ್ ಬ್ರೇಕಿನ ಲಿವರು ಮೊದಲಿಗಿಂತ ಹೆಚ್ಚು ಮೇಲೆ ಬಂದಲ್ಲದೆ ಹಿಡಿತ ಸಿಗದು. ಆಗ ಅವಸರದವನು ಮಾಡುವ ಉಪಾಯವೆಂದರೆ ಕೇಬಲ್ಲಿನ ನಟ್ಟನ್ನು ಬಿಗಿಮಾಡುವುದು. ಲಿವರು ಒಡನೆಯೇ ಗಟ್ಟಿಯಾಗುತ್ತದೆ. ಕೈಗೆ ನೆಮ್ಮದಿಯೂ ಆಗುತ್ತದೆ. ಒಳಗೆ ಮಾತ್ರ ಶೂವನ್ನು ತಳ್ಳಬೇಕಾದ ಸನ್ನೆಯು, ಲಿವರು ಕೆಳಗಿರುವಾಗಲೂ ಅರ್ಧ ಎಳೆಯಲ್ಪಟ್ಟೇ ಇರುತ್ತದೆ. ಶೂಗಳು ತಮ್ಮ ವಿಶ್ರಾಂತಿಯ ನೆಲೆಗೆ ಹಿಂದಿರುಗವು. ಲೈನರ್ ಮತ್ತಷ್ಟು ಸವೆದಾಗ ಎಳೆಯಲು ಇನ್ನು ದೂರವೇ ಉಳಿದಿರುವುದಿಲ್ಲ. "ಕೇಬಲ್ ಎಳ್ದ್ರೆ ಆತಿಲ್ಲೆ ಮಾರಾಯ್ರೆ, ಒಳ್ಗೆ ಶೂ ಕಾಣ್ಕ್" ಎಂದು ಕುಂದಾಪುರದ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಗಿರಾಕಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಂತಃಶುದ್ಧಿಯಿಲ್ಲದೆ ಬಾಹ್ಯನಿಯಮಗಳನ್ನೇ ಬಿಗಿಗೊಳಿಸುವ ವ್ರತನಿಷ್ಠೆಯ ಕುರಿತು ನಮ್ಮ ಶರಣರೂ ದಾಸರೂ ಆಡಿದ ಆಕ್ಷೇಪಣೆಯೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರಿತು.

ಸರಿಯಾದ ಕ್ರಮವು ಇದಕ್ಕೆ ವಿಲೋಮವಾದದ್ದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆಮುಂದೆ ಮರದ ತುಂಡುಗಳನ್ನು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಟ್ಟು, ಕೇಬಲ್ಲನ್ನು ಮೊದಲು ಪೂರ್ತಿ ಸಡಿಲಿಸಬೇಕು. ಹಿಂಬದಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನೂ ಡ್ರಮ್ಮನ್ನೂ ಕಳಚಬೇಕು. ಡ್ರಮ್ಮಿನೊಳಗಿನ ಕರಿಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ಅತ್ಯಂತ ಅಪಾಯಕರವಾದುದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆ ಶ್ವಾಸಕೋಶವನ್ನು ಸೇರಿದರೆ ಹೊರಬಾರದು. ಒದ್ದೆಬಟ್ಟೆಯಿಂದ ಒರೆಸುವುದೇ ಯುಕ್ತ. ಒಂದು ಬದಿಯ ಕೆಲಸ ಮುಗಿಯುವ ತನಕ ಇನ್ನೊಂದು ಬದಿಯನ್ನು ಬಿಚ್ಚದಿರುವುದು ವಿವೇಕ, ಯಾವ ಸ್ಪ್ರಿಂಗು ಯಾವ ರಂಧ್ರಕ್ಕೆ ಎಂಬುದಕ್ಕೆ ಆ ಬದಿಯೇ ಸಾಕ್ಷಿಯಾಗಿ ನಿಂತಿರುತ್ತದೆ. ಹೊಸ ಶೂಗಳನ್ನು ಕೂರಿಸಿದ ಮೇಲೆ, ಹಲ್ಲುಗಳುಳ್ಳ ಆ ಪುಟ್ಟ ಅಡ್ಜಸ್ಟರ್ ಚಕ್ರವನ್ನು ಡ್ರಮ್ಮು ತಿರುಗದಂತಾಗುವವರೆಗೆ ಬಿಗಿದು, ಅನಂತರ ಡ್ರಮ್ಮು ನಿರಾಯಾಸವಾಗಿ ತಿರುಗುತ್ತ ಅತಿ ಸೂಕ್ಷ್ಮವಾದ ಉಜ್ಜುವಿಕೆಯ ಸದ್ದು ಮಾತ್ರ ಕೇಳುವಷ್ಟು ಹಿಂದಕ್ಕೆ ಬಿಡಬೇಕು. ಕೇಬಲ್ಲಿನ ಸರದಿ ಇವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ.

ಶೂ ಎಣ್ಣೆಯಲ್ಲಿ ತೊಯ್ದಿದ್ದರೆ ಮಾತು ಬೇರೆ. ಎಣ್ಣೆ ಕುಡಿದ ಲೈನರನ್ನು ತೊಳೆದು ಒಣಗಿಸಿ ಮರಳಿ ಹಾಕುವವರಿದ್ದಾರೆ, ಅದು ಹಿಡಿಯದು. ಹೊಸತನ್ನು ತಂದು ಹಾಕಿ, ಸೋರುವ ಸೀಲನ್ನು ಹಾಗೆಯೇ ಬಿಟ್ಟರೆ ಹೊಸತಿಗೂ ಅದೇ ಗತಿ. ಕಾರಣವನ್ನು ಉಳಿಸಿ ಕಾರ್ಯವನ್ನು ಮಾತ್ರ ಅಳಿಸುವ ಪ್ರಾಯಶ್ಚಿತ್ತವು ಎಲ್ಲಿಯೂ ಫಲಿಸಿದ್ದಿಲ್ಲ.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ, 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಮಹೀಂದ್ರಾ ಕಂಪೆನಿ ಜೋಡಿಸತೊಡಗಿದ ಹಳೆಯ ಜೀಪುಗಳಲ್ಲಿ ವ್ಯವಸ್ಥೆ ಇನ್ನೊಂದು ವಿಧವಾದದ್ದು. ಅಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೂಲದಲ್ಲಿ ಒಂದೇ ಒಂದು ಡ್ರಮ್ಮು. ಹಿಂದಿನ ಆಕ್ಸಲಿನ ಗಿಯರು ಅದರ ಹಿಡಿತವನ್ನು ಸುಮಾರು ಐದು ಪಟ್ಟು ಹೆಚ್ಚಿಸುವುದರಿಂದ ಚಿಕ್ಕ ಡ್ರಮ್ಮೇ ದೊಡ್ಡ ಭಾರವನ್ನು ನಿಲ್ಲಿಸಬಲ್ಲುದು. ಆದರೆ ಇದರಲ್ಲೊಂದು ಮರ್ಮವಿದೆ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದೊಡನೆ, ಬ್ರೇಕು ಎಷ್ಟೇ ಬಿಗಿಯಾಗಿದ್ದರೂ, ಡಿಫರೆನ್ಷಿಯಲ್ಲಿನ ಧರ್ಮದಿಂದ ಗಾಳಿಯಲ್ಲಿರುವ ಚಕ್ರವು ಹಿಮ್ಮುಖವಾಗಿಯೂ ನೆಲದಲ್ಲಿರುವ ಚಕ್ರವು ಮುಮ್ಮುಖವಾಗಿಯೂ ತಿರುಗಲು ಸ್ವತಂತ್ರವಾಗುತ್ತವೆ. ಜೀಪು ಜಾಕಿನಿಂದ ಜಾರಿ ಉರುಳುತ್ತದೆ. ಒಂದೇ ಚಕ್ರದಿಂದ ರಥವು ಚಲಿಸದಿರುವಂತೆ ಪುರುಷಕಾರವಿಲ್ಲದೆ ದೈವವು ಸಿದ್ಧಿಸದೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಸ್ಮೃತಿಕಾರನು ಚಲನೆಯ ವಿಷಯದಲ್ಲಿ ಕಂಡ ಸತ್ಯವು ಸ್ಥಿತಿಯ ವಿಷಯದಲ್ಲಿಯೂ ಅಕ್ಷರಶಃ ನಿಜವೆಂಬುದನ್ನು ಈ ಯಂತ್ರವು ತೋರಿಸಿಕೊಡುತ್ತದೆ: ಎರಡು ಚಕ್ರಗಳೂ ನೆಲವನ್ನು ಊರಿರದಿದ್ದರೆ ರಥವು ನಿಲ್ಲುವುದೂ ಇಲ್ಲ.

ಹಾಗಾದರೆ ಪುರುಷಕಾರವೊಂದೇ ಸಾಕೆ? ಹಾಗೆನ್ನಲು ಈ ನೆಲದ ಅನುಭವ ಬಿಡದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಅಲ್ಲಿಯ ಉಪ್ಪುಗಾಳಿಗೆ ಕೇಬಲ್ಲಿನ ಎಳೆಗಳು ಹೊದಿಕೆಯೊಳಗೆ ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಯುತ್ತವೆ. ಆಷಾಢದ ಜಡಿಮಳೆಯಲ್ಲಿ ದಿನಗಟ್ಟಲೆ ನಿಂತ ವಾಹನದ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಮಳೆ ನೆನೆಸಿದ ನೆಲ ತಾನೇ ಕುಸಿಯಬಹುದು, ಚಕ್ರಕ್ಕೆ ಕೊಟ್ಟ ಮುರಕಲ್ಲು ಪುಡಿಯಾಗಬಹುದು. ತಾನು ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿದವನಿಗೂ ತನ್ನ ಕೈಮೀರಿದ ಒಂದು ಅಂಶ ಉಳಿದೇ ಉಳಿಯುತ್ತದೆ. ಅದಕ್ಕಾಗಿ ಅವನು ದೇವಿಯ ಮುಂದೆ ಕೈಮುಗಿದರೆ ಆ ಪ್ರಾರ್ಥನೆಯು ಪ್ರಾಮಾಣಿಕವಾದದ್ದು. ಶೂ ಸವೆದಿರುವುದನ್ನು ಅರಿತೂ ನಿಂಬೆಹಣ್ಣಿನ ಮೇಲೆ ಚಕ್ರವನ್ನು ಹಾಯಿಸುವವನ ಪ್ರಾರ್ಥನೆಯನ್ನು ನಾನು ಭಕ್ತಿಯೆನ್ನಲಾರೆ. ತಾನು ಸಲ್ಲಿಸಬೇಕಾದ ಋಣವನ್ನು ಅವನು ದೇವಿಯ ಮೇಲೆ ಹೊರಿಸುತ್ತಿದ್ದಾನೆ, ಮತ್ತು ಆ ಋಣವನ್ನು ತೀರಿಸಬೇಕಾಗಿ ಬರುವವರು ಇಳಿಜಾರಿನ ಕೆಳಗೆ ನಿಂತ ನಿರಪರಾಧಿಗಳು.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜೀಪಿನ ಮಾಲೀಕರಲ್ಲಿಯೂ ಚಾಲಕರಲ್ಲಿಯೂ ನನ್ನದೊಂದು ವಿಜ್ಞಾಪನೆ. ಮಳೆಗಾಲದ ಕೆಸರು ಶೂಗಳನ್ನು ತೇಯ್ದು ಮುಗಿಸುವ ಹೊತ್ತಿಗೆ ಸರಿಯಾಗಿ ನವರಾತ್ರಿ ಬರುತ್ತದೆ. ಈ ಸಲ ಮಹಾನವಮಿಗೆ ಮುಂಚೆ ಡ್ರಮ್ಮನ್ನು ಬಿಚ್ಚಿಸಿ ನೋಡಿರಿ. ಲೈನರ್ ರಿವೆಟ್ಟಿನ ತಲೆಗೆ ಸಮೀಪಿಸಿದ್ದರೆ ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಬದಲಿಸಿರಿ. ಸೀಲು ಸೋರುತ್ತಿದ್ದರೆ ಅದನ್ನೂ ಹೊಸತು ಮಾಡಿಸಿರಿ. ಹೂಮಾಲೆಯನ್ನು ಅದಾದ ಮೇಲೆ ಹಾಕಿರಿ.